ಸ್ಪಿನ್ ಐಸ್ ಲೇಖನ: ಹೀಗೇ ಹಾಕೋಕಾಗಲ್ಲ, ತಿದ್ದಿ ಕಳ್ಸಿ

ನಮಸ್ಕಾರ. ನೀವು ಕಳ್ಸಿದ "ಕೊನೆಗೂ ಸಿಕ್ಕಿತು ಒಂಟಿ ಧ್ರುವ!" ಓದ್ದೆ. ಡಿಸ್ಪ್ರೋಸಿಯಂ ಟೈಟನೇಟ್ ಅನ್ನೋ ಕಾಂತೀಯ ಹರಳಿನ ಬಗ್ಗೆ ಕನ್ನಡದಲ್ಲಿ ಬರೆಯೋಕೆ ಹೊರಟಿದ್ದೀರಲ್ಲ, ಅದು ಖುಷಿ. ಆದ್ರೆ ಹೀಗೇ ಹಾಕೋಕಾಗಲ್ಲ.

ಮೊದ್ಲು ತಪ್ಪು ಹೇಳ್ತೀನಿ. ತ್ರಿಕೋನದ ಮೂರು ಮೂಲೇಲಿ ಮೂರು ಸ್ಪಿನ್ (ಅಂದ್ರೆ ಪರಮಾಣುವಿನ ಪುಟ್ಟ ಕಾಂತ), ಪಕ್ಕದವ್ರಿಗೆ ಉಲ್ಟಾ ನಿಲ್ಬೇಕು ಆದ್ರೆ ಆಗಲ್ಲ ಅಂತ ಬರೆದಿದ್ದೀರ, ಸರಿ, ಆದ್ರೆ ಅದು ಈ ಹರಳಿನ ಕಥೆ ಅಲ್ಲ. ಇಲ್ಲಿ ಸ್ಪಿನ್‌ಗಳ ನಡುವೆ ಇರೋದು ಒಟ್ಟಾರೆ ಫೆರೋಮ್ಯಾಗ್ನೆಟಿಕ್ ಸೆಳೆತ, ಅಂದ್ರೆ ಒಂದೇ ಕಡೆ ಮುಖ ಮಾಡ್ಸೋ ಸೆಳೆತ, ಆದ್ರೂ ಇಕ್ಕಟ್ಟು ಹೋಗಲ್ಲ, ಯಾಕಂದ್ರೆ ಪ್ರತಿ ಸ್ಪಿನ್ನೂ ತನ್ನ ಟೆಟ್ರಾಹೆಡ್ರನ್ನಿನ (ನಾಲ್ಕು ಮೂಲೇಲೂ ಒಂದೊಂದು ಸ್ಪಿನ್ ಇರೋ ನಾಲ್ಕು ಮುಖದ ಆಕೃತಿ) ನಡುವಿಗೆ ಮುಖ ಮಾಡ್ಬೇಕು ಇಲ್ಲಾ ಬೆನ್ನು ಹಾಕ್ಬೇಕು, ಬೇರೆ ದಿಕ್ಕೇ ಇಲ್ಲ. ಹಾಗಾಗಿ ಎರಡು ಒಳಗೆ, ಎರಡು ಹೊರಗೆ. 16 ಜೋಡಣೇಲಿ 6ಕ್ಕೆ ಮಾತ್ರ ಈ ಭಾಗ್ಯ, ಶಕ್ತಿಯಲ್ಲಿ ಆರೂ ಸಮಸಮ.

ನಿಮ್ಮ ಲೇಖನದ ಜೀವ ಇರೋದು ಇಲ್ಲೇ, ಅದನ್ನ ನೀವು ಒಂದೇ ಸಾಲಲ್ಲಿ ಮುಗ್ಸಿಬಿಟ್ಟಿದ್ದೀರ! 1999ರಲ್ಲಿ ರಾಮಿರೆಜ್ ಮತ್ತವರ ಜೊತೆಯವ್ರು 0.2ರಿಂದ 12 ಕೆಲ್ವಿನ್ ತನಕ ಈ ಹರಳಿನ ಉಷ್ಣಧಾರಕತೆ ಅಳೆದು ಎಂಟ್ರೊಪಿ (ಎಷ್ಟು ಬಗೆ ಜೋಡಣೆ ಸಾಧ್ಯ ಅನ್ನೋದರ ಅಳತೆ) ಲೆಕ್ಕ ಹಾಕಿದ್ರು, ಒಂದು ಮೋಲ್ ಸ್ಪಿನ್‌ಗೆ ಕೆಲ್ವಿನ್‌ಗೆ 5.76 ಜೌಲ್ ಬರ್ಬೇಕಿತ್ತು, ಬಂದಿದ್ದು ಸುಮಾರು 3.9. ಉಳಿದಿದ್ದೆಲ್ಲಿ? 1935ರಲ್ಲಿ ರಸಾಯನವಿಜ್ಞಾನಿ ಪೌಲಿಂಗ್ ನೀರಿನ ಮಂಜುಗಡ್ಡೆಗೆ ಹಾಕಿದ್ದ ಲೆಕ್ಕ ಇಲ್ಲಿಗೆ ಹಾಕಿದ್ರೆ ಹೆಚ್ಚುಕಮ್ಮಿ ಅಷ್ಟೇ, ಸುಮಾರು 1.69. ಆಕ್ಸಿಜನ್ ಪಕ್ಕ ಎರಡು ಹೈಡ್ರೋಜನ್ ಹತ್ರ ಎರಡು ದೂರ, ಅದೇ ನಿಯಮ. ಅದಕ್ಕೇ ಇದು ಸ್ಪಿನ್ ಐಸ್. ಅಷ್ಟು ತಣ್ಣಗಾದ್ರೂ ಹರಳು ಯಾವ ಜೋಡಣೆ ಅಂತ ತೀರ್ಮಾನ ಮಾಡಿರಲ್ಲ ರೀ, ಓದುಗ ಬೆಚ್ಚಬೇಕಾದ್ದು ಇದಕ್ಕೆ!

ಇನ್ನು ಆ "ಒಂಟಿ ಧ್ರುವ" ಶೀರ್ಷಿಕೆ. 2008ರಲ್ಲಿ ಕ್ಯಾಸ್ಟೆಲ್ನೋವೊ, ಮೋಸ್ನರ್, ಸೋಂಧಿ ಹೇಳಿದ್ದೇನಂದ್ರೆ, ಒಂದು ಸ್ಪಿನ್ ತಿರುಗಿದ್ರೆ ಒಂದ್ಕಡೆ ಮೂರು ಒಳಗೆ, ಪಕ್ಕದಲ್ಲಿ ಮೂರು ಹೊರಗೆ ಆಗುತ್ತೆ, ಆ ಎರಡು ಕೊರತೆಗಳು ದೂರ ಸರಿದು ಕಾಂತೀಯ ಚಾರ್ಜ್‌ಗಳ ಥರ ವರ್ತಿಸ್ತವೆ ಅಂತ. 1931ರಲ್ಲಿ ಭೌತವಿಜ್ಞಾನಿ ಡಿರಾಕ್ ಹೇಳಿದ ಒಂಟಿ ಕಾಂತಧ್ರುವದ ಕಣ ಇದಲ್ಲ, ಒಂಟಿ ಧ್ರುವ ಇಲ್ಲ ಅನ್ನೋ ಮ್ಯಾಕ್ಸ್‌ವೆಲ್ ಸಮೀಕರಣನೂ ಮುರಿದಿಲ್ಲ. ಅದನ್ನ ಬರೀರಿ, ಆಶ್ಚರ್ಯಸೂಚಕ ತೆಗೀರಿ.

ಇದೇ ಥರದ ಇನ್ನೊಂದು ಸ್ಪಿನ್ ಐಸ್ ಹರಳು ಹೋಲ್ಮಿಯಂ ಟೈಟನೇಟ್ ಬಗ್ಗೆ ಇರೋ ಪ್ಯಾರಾ ಚೆನ್ನಾಗಿದೆ, ನ್ಯೂಟ್ರಾನ್ ಪ್ರಯೋಗಕ್ಕೆ ಅದು ಯಾಕೆ ಅನುಕೂಲ ಅಂದ್ರೆ ಮಾಮೂಲಿ ಡಿಸ್ಪ್ರೋಸಿಯಂ ನ್ಯೂಟ್ರಾನ್‌ಗಳನ್ನ ಜಾಸ್ತಿ ನುಂಗುತ್ತೆ, ಅದನ್ನೂ ಸೇರ್ಸಿ. "ತುಂಬಾ ತಣ್ಣಗೆ" ಅನ್ನೋ ಕಡೆಯೆಲ್ಲ ಎಷ್ಟು ಕೆಲ್ವಿನ್ ಅಂತ ಹಾಕಿ. ಟೆಟ್ರಾಹೆಡ್ರನ್ ಚಿತ್ರ ಒಂದು ಕೈಯಲ್ಲೇ ಬಿಡ್ಸಿ ಕಳ್ಸಿದ್ರೂ ಸಾಕು, ನಮ್ಮ ಕಲಾವಿದರು ನೋಡ್ಕೋತಾರೆ.