ಸಿವಿಲೈಸೇಷನ್ 6 ಆಟದಲ್ಲಿ ನನ್ನ ಸಂಸ್ಕೃತಿ ಅಂಕ ಎಲ್ಲರಿಗಿಂತ ಹೆಚ್ಚಿದ್ದರೂ ಸಾಂಸ್ಕೃತಿಕ ಗೆಲುವು ಏಕೆ ಸಿಗುತ್ತಿಲ್ಲ?

ಈ ಗೆಲುವನ್ನು ನಿರ್ಧರಿಸುವುದು ಸಂಸ್ಕೃತಿಯ ಅಂಕವಲ್ಲ, ಪ್ರವಾಸೋದ್ಯಮ: ನಿಮ್ಮಲ್ಲಿಗೆ ಬರುವ ವಿದೇಶಿ ಪ್ರವಾಸಿಗರ ಸಂಖ್ಯೆಯು ಉಳಿದ ಪ್ರತಿಯೊಂದು ನಾಗರಿಕತೆಯ (ಅಂದರೆ ಆಟದಲ್ಲಿನ ಎದುರಾಳಿ ದೇಶದ) ದೇಶೀಯ ಪ್ರವಾಸಿಗರ ಸಂಖ್ಯೆಯನ್ನು ಮೀರಬೇಕು. ಯಾವುದೇ ನಾಗರಿಕತೆ ಆಟದುದ್ದಕ್ಕೂ ಗಳಿಸಿದ ಸುಮಾರು 100 ಸಂಸ್ಕೃತಿ ಅಂಕಕ್ಕೆ ಒಬ್ಬರಂತೆ ದೇಶೀಯ ಪ್ರವಾಸಿಗರು ಲೆಕ್ಕಕ್ಕೆ ಸೇರುವುದರಿಂದ, ನಿಮ್ಮ ಅಂಕ ಎದುರಾಳಿಯ ಗೆಲುವನ್ನು ತಡೆಯುತ್ತದೆಯೇ ಹೊರತು ನಿಮ್ಮನ್ನು ನೇರವಾಗಿ ಗೆಲ್ಲಿಸುವುದಿಲ್ಲ. ಮೈಸೂರಿನವರು ತಮ್ಮ ಅರಮನೆಯನ್ನು ಎಷ್ಟು ಸಲ ನೋಡಿದರೂ ಹೊರಊರಿನವರು ಬಂದ ಲೆಕ್ಕವಾಗುವುದಿಲ್ಲವಲ್ಲ, ಹಾಗೆ. ಹೊರಗಿನವರನ್ನು ಸೆಳೆಯುವುದು ಅದ್ಭುತಗಳು (ಆಟದಲ್ಲಿ ಕಟ್ಟುವ ವಿಶ್ವಪ್ರಸಿದ್ಧ ನಿರ್ಮಾಣಗಳು), ಸಂಗ್ರಹಾಲಯದಲ್ಲಿಟ್ಟ ಕಲಾಕೃತಿಗಳು ಹಾಗೂ ಅವಶೇಷಗಳು, ರಾಷ್ಟ್ರೀಯ ಉದ್ಯಾನಗಳು. ಹೆಚ್ಚಿನವರು ಕಡೆಗಣಿಸುವುದು ರಾಜತಾಂತ್ರಿಕತೆಯನ್ನು: ಒಂದು ದೇಶದೊಂದಿಗೆ ಮುಕ್ತ ಗಡಿ ಒಪ್ಪಂದವಿದ್ದರೆ ಅದರ ಮೇಲಿನ ನಿಮ್ಮ ಆಕರ್ಷಣೆ ಶೇ. 25ರಷ್ಟು, ವ್ಯಾಪಾರ ಮಾರ್ಗವೂ ಇದ್ದರೆ ಮತ್ತೆ ಶೇ. 25ರಷ್ಟು ಹೆಚ್ಚುತ್ತದೆ, ಯುದ್ಧ ಸಾರಿದರೆ ಎರಡೂ ಕಡಿದುಹೋಗುತ್ತವೆ.