ಹಳೆಯ ಪೇಟೆಯನ್ನು ಉಳಿಸಲು ನಗರಸಭೆಗೆ ಸ್ಪರ್ಧಿಸಬೇಕೇ?

ನಿಮ್ಮೂರಿನ ಪೇಟೆ ಬರಿದಾಗುತ್ತಿದೆ, ಅದನ್ನು ಉಳಿಸಲು 2030ರ ಚುನಾವಣೆಗೆ ಪಕ್ಷೇತರನಾಗಿ ನಿಲ್ಲಲೇ ಎಂದು ಕೇಳಿದ್ದೀರಿ. ಇದೇ ಕಾರಣಕ್ಕೆ 2020ರಲ್ಲಿ ನಾನು ನಿಂತು ಸೋತಿದ್ದೇನೆ.

ಕಾಸರಗೋಡಿನ ಹಳೆ ಬಸ್ ನಿಲ್ದಾಣದ ಬಳಿ ನಮ್ಮ ತಂದೆಯವರ ಕಾಲದ ಬಟ್ಟೆ ಅಂಗಡಿಯಿದೆ. ವ್ಯಾಪಾರ ಹೊಸ ಬಸ್ ನಿಲ್ದಾಣದ ಕಡೆಗೆ ಸರಿದು, ನಮ್ಮ ಸಾಲಿನ ಅಂಗಡಿಗಳು ಒಂದೊಂದಾಗಿ ಮುಚ್ಚುವುದನ್ನು ನೋಡಲಾಗದೆ ನಾಮಪತ್ರ ಸಲ್ಲಿಸಿದೆ. ನನ್ನ ಮನೆ ಬೇರೆ ವಾರ್ಡಿನಲ್ಲಿದ್ದರೂ ಅದು ಅಡ್ಡಿಯಾಗಲಿಲ್ಲ. ಕೇರಳದಲ್ಲಿ ಅಭ್ಯರ್ಥಿಯು ಅದೇ ನಗರಸಭೆಯ ಯಾವುದೇ ವಾರ್ಡಿನ ಮತದಾರನಾಗಿದ್ದರೆ ಸಾಕು.

ತಪ್ಪು ಇಲ್ಲಿಂದಲೇ ಆರಂಭವಾಯಿತು. ಕೊರೋನಾ ನಿಯಮದಂತೆ ಮನೆ ಭೇಟಿಗೆ ಐದು ಜನರಿಗಿಂತ ಹೆಚ್ಚು ಹೋಗುವಂತಿರಲಿಲ್ಲವಾದ್ದರಿಂದ, ಮನೆಗಳನ್ನು ಕೊನೆಯ ವಾರಕ್ಕೆಂದು ಬಿಟ್ಟು ನಾನು ಅಂಗಡಿಯಿಂದ ಅಂಗಡಿಗೆ ನಡೆದೆ. ಪ್ರತಿಯೊಬ್ಬರೂ ಕೈಹಿಡಿದು ಬೆಂಬಲಿಸುವುದಾಗಿ ಹೇಳಿದರು, ಮನಸ್ಸಿನಿಂದಲೇ ಹೇಳಿದರು. ಆದರೆ ಅವರಲ್ಲಿ ಬಹುಪಾಲು ಜನ ಮಧೂರು, ಚೆಂಗಳ, ಮೊಗ್ರಾಲ್ ಪುತ್ತೂರು ಪಂಚಾಯತುಗಳ ಮತದಾರರು. ಬೆಳಿಗ್ಗೆ ಬಂದು ಶಟರು ಎತ್ತಿ, ರಾತ್ರಿ ಇಳಿಸಿ ಮನೆಗೆ ಹೋಗುವವರು. ನನ್ನ ಮತವೂ ಆ ವಾರ್ಡಿನಲ್ಲಿರಲಿಲ್ಲ. ಮತದಾರರ ಪಟ್ಟಿ ಮೊದಲ ದಿನವೇ ನನ್ನ ಕೈಯಲ್ಲಿತ್ತು. ಅದನ್ನು ಮನೆ ಸಂಖ್ಯೆಗನುಸಾರ ಒಮ್ಮೆ ಓದಿದ್ದರೆ, ವಾರ್ಡೆಂದರೆ ಅಂಗಡಿ ಸಾಲಲ್ಲ, ಅದರ ಹಿಂದಿನ ಓಣಿಗಳ ಮನೆಗಳು ಎಂಬುದು ತಿಳಿಯುತ್ತಿತ್ತು. ನಾನು ಓದಿದ್ದು ಡಿಸೆಂಬರ್ 16ರಂದು, ಮತ ಎಣಿಕೆಯ ಸಂಜೆ.

ಆಮೇಲೆ ಆ ಓಣಿಗಳಿಗೆ ಹೋದೆ. ನಾವು ವ್ಯಾಪಾರಿಗಳು ವಾಹನ ನಿಲ್ಲಿಸಲು ಜಾಗ ಕೇಳುತ್ತಿದ್ದರೆ, ಅಲ್ಲಿನವರಿಗಿದ್ದ ದೂರು ನಮ್ಮ ಮೇಲೆಯೇ: ಅಂಗಡಿ, ಹೋಟೆಲುಗಳ ಕೊಳೆನೀರು ಅವರ ಮನೆಯೆದುರಿನ ತೆರೆದ ಚರಂಡಿಗೆ ಬರುತ್ತಿತ್ತು. ಅವರಿಗೆ ಮೂಗು ಮುಚ್ಚದೆ ಪೇಟೆಗೆ ಬರಲು ದಾರಿಯೇ ಇರಲಿಲ್ಲ. ಇಷ್ಟು ಹತ್ತಿರದ ಗಿರಾಕಿಗಳನ್ನು ನಾವೇ ದೂರ ಮಾಡಿಕೊಂಡಿದ್ದೆವು ಎಂಬುದು ಇಂದಿಗೂ ನನ್ನನ್ನು ನೋಯಿಸುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ನೀವು ಕೇಳಬೇಕಾದ ಪ್ರಶ್ನೆ ಸ್ಪರ್ಧಿಸುವುದರದ್ದಲ್ಲ. ಹೆದ್ದಾರಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು, ಮುಖ್ಯರಸ್ತೆ ಹೆಚ್ಚಾಗಿ ಲೋಕೋಪಯೋಗಿ ಇಲಾಖೆಯದ್ದು, ಅಂಗಡಿ ಬಾಡಿಗೆ ಕಟ್ಟಡದ ಮಾಲೀಕರದ್ದು. ಕೌನ್ಸಿಲರ್ ಕೈಗೆಟಕುವುದು ಓಣಿ, ಚರಂಡಿ, ಬೀದಿದೀಪ, ಮಾರುಕಟ್ಟೆಯಂಥವು ಮಾತ್ರ. ಅವನ್ನು ವಾರ್ಡ್ ಸಭೆಯಲ್ಲಿಯೇ ಕೇಳಬಹುದು. ಆ ಸಭೆ ಮೂರು ತಿಂಗಳಿಗೊಮ್ಮೆ ಸೇರಬೇಕೆಂಬ ನಿಯಮವಿರುವಾಗ 2030ರವರೆಗೆ ಏಕೆ ಕಾಯಬೇಕು? ಮೇಲಾಗಿ ಅರ್ಧದಷ್ಟು ವಾರ್ಡುಗಳು ಮಹಿಳೆಯರಿಗೆ ಮೀಸಲು, ಅದೂ ಸರದಿಯಂತೆ ಬದಲಾಗುತ್ತದೆ. ನೀವು ಐದು ವರ್ಷ ದುಡಿದ ವಾರ್ಡು ನಿಮಗೆ ಸಿಗದೆ ಹೋಗಬಹುದು. ಇಷ್ಟಾದರೂ ನಿಲ್ಲುವುದಾದರೆ, ಸೋತರೂ ಫಲಿತಾಂಶದ 30 ದಿನಗಳೊಳಗೆ ಖರ್ಚಿನ ಲೆಕ್ಕ ಸಲ್ಲಿಸಿ. ತಪ್ಪಿದರೆ ಐದು ವರ್ಷ ಅನರ್ಹರಾಗುತ್ತೀರಿ.

ವಾರ್ಡ್ ಸಭೆಯೂ ಆ ವಾರ್ಡಿನ ಮತದಾರರದ್ದೇ, ಅಲ್ಲಿ ನನಗೆ ಬೇಡಿಕೆ ಮುಂದಿಡುವ ಹಕ್ಕಿರಲಿಲ್ಲ. ನಾವು ಕೆಲವು ವ್ಯಾಪಾರಿಗಳು ಮೊದಲು ನಮ್ಮ ಕೊಳವೆಗಳನ್ನು ಸರಿಪಡಿಸಿಕೊಂಡೆವು. ಬಳಿಕ ಓಣಿಯ ಹಿರಿಯ ಅಮ್ಮನವರೊಬ್ಬರು ಚರಂಡಿಗೆ ಚಪ್ಪಡಿ ಹಾಸಬೇಕೆಂದು ಸಭೆಯಲ್ಲಿ ಕೇಳಿದರು, ನನ್ನನ್ನು ಸೋಲಿಸಿದ ಕೌನ್ಸಿಲರ್ ಅದನ್ನು ಯೋಜನೆಯಲ್ಲಿ ಸೇರಿಸಿದರು. ಈಗ ಸಂಜೆ ಹೊತ್ತು ಆ ಚಪ್ಪಡಿಯ ಮೇಲೆಯೇ ನಡೆದು ಆ ಅಮ್ಮ ಮೊಮ್ಮಗಳೊಂದಿಗೆ ನಮ್ಮಂಗಡಿಗೆ ಬರುತ್ತಾರೆ.