ಗಣಿಯ ನೀರಿನಲ್ಲಿರುವ ಸೈನೈಡನ್ನು ಬ್ಯಾಕ್ಟೀರಿಯಾ ನಿಜವಾಗಿಯೂ ಒಡೆಯಬಲ್ಲವೇ? ಆ ವಿಷಕ್ಕೆ ಅವೇ ಸಾಯುವುದಿಲ್ಲವೇ?

ಒಡೆಯಬಲ್ಲವು, ವಿಷದ ಪ್ರಮಾಣ ಮಿತಿಯಲ್ಲಿದ್ದರೆ ಸಾಯುವುದೂ ಇಲ್ಲ. ಸೈನೈಡ್ ನಮ್ಮನ್ನು ಕೊಲ್ಲುವುದು ಜೀವಕೋಶಗಳು ಆಮ್ಲಜನಕವನ್ನು ಬಳಸಿಕೊಳ್ಳದಂತೆ ತಡೆಯುವುದರಿಂದ. ಸೂಡೊಮೊನಾಸ್‌ನಂತಹ ಕೆಲವು ಬ್ಯಾಕ್ಟೀರಿಯಾಗಳಲ್ಲಿ ಆ ತಡೆಗೆ ಸಿಲುಕದ ಬೇರೊಂದು ಉಸಿರಾಟದ ದಾರಿಯಿದೆ. ಸೈನೈಡ್ ಎಂದರೆ ಒಂದು ಇಂಗಾಲ ಮತ್ತು ಒಂದು ಸಾರಜನಕ ಪರಮಾಣುವಿನ ಬಿಗಿಯಾದ ಜೋಡಿ. ಈ ಜೀವಿಗಳ ಕಿಣ್ವಗಳು, ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಪ್ರೋಟೀನುಗಳು, ಆ ಬಂಧವನ್ನು ಕತ್ತರಿಸುತ್ತವೆ. ಕೊನೆಗೆ ಉಳಿಯುವುದು ಕಾರ್ಬೊನೇಟ್ ಮತ್ತು ಅಮೋನಿಯ.

ಅಮೆರಿಕದ ದಕ್ಷಿಣ ಡಕೋಟದ ಹೋಮ್‌ಸ್ಟೇಕ್ ಚಿನ್ನದ ಗಣಿಯಲ್ಲಿ 1984ರಿಂದ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಲಾಯಿತು. ಅಲ್ಲಿ ಸಾಲಾಗಿ ಜೋಡಿಸಿದ ದೊಡ್ಡ ಬಿಲ್ಲೆಗಳು ಅರ್ಧ ನೀರಿನಲ್ಲಿ, ಅರ್ಧ ಗಾಳಿಯಲ್ಲಿ ನಿಧಾನವಾಗಿ ತಿರುಗುತ್ತಿದ್ದು, ಅವುಗಳ ಮೇಲೆ ಲೋಳೆಯಂತೆ ಅಂಟಿಕೊಂಡು ಬೆಳೆದ ಬ್ಯಾಕ್ಟೀರಿಯಾಗಳಿಗೆ ಪ್ರತಿ ಸುತ್ತಿನಲ್ಲೂ ವಿಷವೂ ಆಮ್ಲಜನಕವೂ ಒದಗುತ್ತಿದ್ದವು. ಅಮೋನಿಯವೂ ಮೀನುಗಳಿಗೆ ವಿಷವಾದ್ದರಿಂದ ಮುಂದಿನ ಬಿಲ್ಲೆಗಳಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಆಗಿಸುತ್ತಿದ್ದವು. ಈ ಎರಡನೆಯ ಹಂತವನ್ನು ಬಿಟ್ಟರೆ ಕೆಲಸ ಅರ್ಧವೇ ಸರಿ. ಆ ನೀರು ಸೇರುತ್ತಿದ್ದ ವೈಟ್‌ವುಡ್ ತೊರೆಗೆ ಟ್ರೌಟ್ ಮೀನುಗಳು ಮರಳಿದವು ಎಂಬುದು ನನಗೆ ಅತ್ಯಂತ ಸಂತೋಷದ ಸಂಗತಿ. ಆದರೆ ತಾಮ್ರದಂತಹ ಲೋಹಗಳನ್ನು ಯಾವ ಬ್ಯಾಕ್ಟೀರಿಯವೂ ನಾಶಮಾಡಲಾರದು. ಅವು ಲೋಳೆಗೆ ಅಂಟಿಕೊಳ್ಳುತ್ತವೆಯಷ್ಟೇ, ಕಳಚಿದ ಆ ಕೆಸರನ್ನು ಪ್ರತ್ಯೇಕವಾಗಿ ವಿಲೇವಾರಿ ಮಾಡಲೇಬೇಕು.